ಮಡಿಕೆ ಕತ್ತರಿಸದ ಕಾದಂಬರಿಗೆ ಏಳು ಮಂದಿಯ ಕಣ್ಣೀರು

ಗೆಳೆಯರೆ, ಇದನ್ನು ಇವತ್ತೇ ವಾಚನಾಲಯದ ಹಲಗೆಗೆ ಅಂಟಿಸುತ್ತಿದ್ದೇನೆ. ನಾಳೆಯಾದರೆ ಧೈರ್ಯ ಉಳಿಯುವುದಿಲ್ಲ.

ನಿಜಾಮರ ಗಡಿಯಾಚೆಯ ಗದಗಿನಿಂದ ನಾವು ತರಿಸಿದ್ದ ಆನೆಗೊಂದಿ ರಾಜಕುಮಾರಿಯ ಪ್ರೇಮದ ಕಾದಂಬರಿಯನ್ನು ಹಿಂತಿರುಗಿಸಲು ನಮ್ಮ ಪಕ್ಕದೂರು ಭಾಗ್ಯನಗರದ ನೇಕಾರರ ಶಂಕ್ರಮ್ಮ ಬಂದಿದ್ದರು. ಓದಿದವರು ಕೊನೆಯ ಖಾಲಿ ಪುಟದಲ್ಲಿ ಅಭಿಪ್ರಾಯ ಬರೆಯುವುದು ನಮ್ಮ ಪದ್ಧತಿ. ಸಾಲಿ ಮಾಸ್ತರನೆಂದು ಮೊದಲು ನನ್ನಿಂದಲೇ ಬರೆಸಿದ್ದಿರಿ. 'ನಾಯಕಿ ತುಂಗಭದ್ರೆಗೆ ಹಾರಿ ಪ್ರಾಣ ಬಿಡುವಲ್ಲಿ ಕಣ್ಣೀರು ತಡೆಯಲಾಗಲಿಲ್ಲ' ಎಂದು ಬರೆದಿದ್ದೆ. ನನ್ನ ಕೆಳಗೆ ನೀವು ಆರು ಮಂದಿಯೂ ಅತ್ತಿದ್ದೀರಿ.

"ಮಾಸ್ತರ್ರ, ನೀವು ಓದಿದ್ದು ಬ್ಯಾರೆ ಪುಸ್ತಕೇನ್ರಿ?" ಎಂದರು ಶಂಕ್ರಮ್ಮ. "ಇದ್ರಾಗ ಅಕಿ ಸಾಯೂದಿಲ್ಲಲ್ರಿ. ಹರಗೋಲದಾಗ ಹೊಳಿ ದಾಟಿ, ಮದುವಿಯಾಗಿ, ಎರಡು ಮಕ್ಕಳನ್ನೂ ಹಡೀತಾಳ."

"ಸರಿಯಾಗಿ ಓದಿಲ್ಲ ಕಾಣ್ತೈತಿ, ತಂಗಿ," ಎಂದೆ.

"ಅರವತ್ತನೇ ಪುಟದಿಂದ ಮುಂದ ಹಾಳಿ ಅಚ್ಚಾಗಿ ಬಂದಾಗ ಮಡಚಿದ್ದು, ಅಂಚು ಕೂಡಿಕೊಂಡು ಹಂಗ ಇದ್ವು. ಯಾರೂ ಕೊಯ್ದಿರಲಿಲ್ರಿ. ನಾನ ಈಳಿಗಿಲೆ ಕೊಯ್ದು ಓದೀನಿ."

ಮುಖ ಎಲ್ಲಿಡಲಿ? ಅರವತ್ತನೇ ಪುಟಕ್ಕೇ ನನಗೆ ನಿದ್ದೆ ಬಂದಿತ್ತು. ರಾಜಕುಮಾರಿಯೂ ಇದ್ದಾಳೆ, ಪಕ್ಕದಲ್ಲಿ ಹೊಳೆಯೂ ಇದೆ, ಕೊನೆಗೆ ಹಾರದೆ ಏನು ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳನ್ನು ಕೊಂದವನು ನಾನೇ. ನೀವು ಹೆಣ ಕೂಡ ನೋಡದೆ ಅತ್ತವರು.

ತಲೆ ತಗ್ಗಿಸಿ, ಅಭಿಪ್ರಾಯ ಬರೆಯಲು ಶಂಕ್ರಮ್ಮನ ಕೈಗೆ ಟಾಕು ಕೊಟ್ಟೆ. ಅವರು ಕೊನೆಯ ಪುಟವನ್ನು ತಿರುವಿ ಮುರುವಿ ನೋಡಿ, "ಎಲ್ಲಿ ಬರೀಲ್ರಿ?" ಎಂದರು.

ಪೂರ್ತಿ ಓದಿದ ಒಬ್ಬರೇ ಒಬ್ಬರಿಗೆ ಒಂದು ಸಾಲಿನ ಜಾಗವೂ ಉಳಿದಿರಲಿಲ್ಲ. ಪುಟದ ತುಂಬ ನಮ್ಮ ಕಣ್ಣೀರೇ.