ಬೆಳೆಯೋ ಕೂಸಿನ ಫ್ರಾಕು

ಓದುಗರಿಗೆ ನಮಸ್ಕಾರ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಅತ್ತಿಗೆಯ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಮಿಷನ್ ಸೂಜಿ ಹೊಕ್ಕ ಗುರುತು. ಆ ಸೀಳಿಗೇ ದಾರ ಸಿಕ್ಕಿಸಿಕೊಂಡು ಕಾಜಾ ಹೊಲಿಯುತ್ತಿದ್ದರು.

ನಮ್ಮಣ್ಣ ತೀರಿಹೋದ ಮೇಲೆ ಅವರು ಹೊಳಲ್ಕೆರೆಯ ಮನೆಯಲ್ಲಿ ಒಬ್ಬರೇ ಉಳಿದರು. ನಾನು ಅದೇ ಊರಲ್ಲಿ ಬೇರೆ ಮನೆಯಲ್ಲಿದ್ದೆ. ಹಿರಿಯೂರು ಕಡೆ ಕುರಿ ಸಾಕುತ್ತಿದ್ದ ಅವರ ಅಣ್ಣಂದಿರು ಕರೆದೊಯ್ಯಲು ಬಂದರು.

"ಒಬ್ಬಳೇ ಹೆಂಗಿರ್ತೀಯವ್ವ? ನಮ್ಮ ಹಟ್ಟೀಲಿ ಅನ್ನ ಇಲ್ವಾ?" ಅಂದ ಹಿರಿಯ.

"ಅನ್ನ ಐತಣ್ಣ. ನನ್ ಮಿಷನ್ನಿಗೆ ಜಾಗ ಐತಾ?"

ಅವನು ನಕ್ಕ. ದೀಪಾವಳಿ ಒಳಗೆ ಹೊಲಿಗೆಯಿಂದಲೇ ಹೊಟ್ಟೆ ಹೊರೆಯುವ ದಾರಿ ತೋರಿಸಬೇಕು, ಇಲ್ಲದಿದ್ದರೆ ಗಾಡಿ ತರುತ್ತೇವೆ ಅಂತ ಹೇಳಿ ಹೋದರು.

ಊರೂರಿಗೆ ರೆಡಿಮೇಡ್ ಬಟ್ಟೆ ಬರುತ್ತಿದ್ದ ಕಾಲ. ಅತ್ತಿಗೆ ಹೆಣ್ಣುಮಕ್ಕಳ ಫ್ರಾಕು ಹೊಲಿದು ಅಂಗಡಿಗಳಿಗೇ ಕೊಡುವ ಯೋಚನೆ ಮಾಡಿದರು. ತೋರಿಸೋಕೆ ಒಂದು ಸ್ಯಾಂಪಲ್ ಪುಸ್ತಕ ಬೇಕಲ್ಲ? ಚಪ್ಪಲಿ ಡಬ್ಬಿಯ ರಟ್ಟು ಕತ್ತರಿಸಿ, ಮೈದಾ ಅಂಟಿನಲ್ಲಿ ಬಟ್ಟೆ ತುಂಡು ಅಂಟಿಸಿದೆವು. ಪಕ್ಕದ ಮನೆ ಕೂಸಿಗೆ ಫ್ರಾಕು ಹಾಕಿ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆವು. ಕೆಳಗೆ ವಯಸ್ಸು, ಬಣ್ಣ ಬರೆಯೋ ಕೆಲಸ ನನ್ನದು. ಮೀಸೆ ಬಂದ ಮೇಲೆ ಅಕ್ಷರ ಕಲಿಯುತ್ತಿದ್ದವನು ನಾನು.

"ಇದೇನಪ್ಪ, ನಿನ್ ಅಕ್ಷರ ಕುರಿ ಮಂದೆ ಚೆದುರಿದಂಗೆ ಐತೆ. ಇನ್ನೊಂದ್ಸಲ ಬರಿ" ಅನ್ನುತ್ತಿದ್ದರು ಅತ್ತಿಗೆ.

ದುರ್ಗದ ದೊಡ್ಡ ಅಂಗಡಿಯವರು ಪುಸ್ತಕ ಮೆಚ್ಚಿದರು. ಆಮೇಲೆ ಫ್ರಾಕಿನ ಅಂಚು ತಿರುವಿ ನೋಡಿದರು. ಒಳಗೆ ಮೂರು ಬೆರಳಗಲ ಮಡಿಕೆ.

"ಏನಮ್ಮ, ಮಗು ಜೊತೆ ಫ್ರಾಕೂ ಬೆಳೆದ್ರೆ ಮುಂದಿನ ವರ್ಷ ನಾನು ಯಾರಿಗೆ ಮಾರ್ಲಿ? ಮಡಿಕೆ ತೆಗೆದು ತಗಂಬಾ. ಆರ್ಡರ್ ಕೊಡ್ತೀನಿ."

ಹೊರಗೆ ಬಂದು ಹೇಳಿದೆ: "ತೆಗೆದ್ಬಿಡಾಣ ಅತ್ಗೆ. ಹಬ್ಬ ಹತ್ರ ಬಂತು."

"ನಮ್ ಕಡೆ ವರ್ಷಕ್ಕೊಂದೇ ಹೊಸ ಬಟ್ಟೆ ಕಣಪ್ಪ. ಮಡಿಕೆ ಬಿಚ್ಚಿ ಎರಡ್ನೇ ವರ್ಷನೂ ಹಾಕ್ತಾರೆ. ಕೂಸು ಬೆಳೀತೈತೆ ಅಂತ ನಂಬಿ ಹೊಲೀಬೇಕು."

ಅತ್ತಿಗೆಗೂ ಒಂದು ಹೆಣ್ಣು ಕೂಸಿತ್ತು. ಅದರ ಫ್ರಾಕಿನ ಮಡಿಕೆ ಬಿಚ್ಚುವ ವರ್ಷ ಬರಲೇ ಇಲ್ಲ.

ಮನೆಗೆ ಬಂದು ಪುಸ್ತಕದ ಮೊದಲ ಹಾಳೆ ಕಿತ್ತರು. ಆ ಜಾಗಕ್ಕೆ ಹೊಸ ಹಾಳೆ ಹಾಕಿ, ಪುಟ್ಟದೊಂದು ಫ್ರಾಕು ಹೊಲಿದು, ಒಳಮೈ ಹೊರಗೆ ಮಾಡಿ, ಮಡಿಕೆ ಅರ್ಧ ಬಿಚ್ಚಿ ಅಂಟಿಸಿದರು. ಕೆಳಗೆ ಬರೆಸಿದರು: 'ಬೆಳೆಯೋ ಕೂಸಿಗೆ'.

ಹೊಸದುರ್ಗದ ಅಂಗಡಿಯಲ್ಲಿ ಸಾಹುಕಾರರ ಹೆಂಡತಿ ಆ ಹಾಳೆ ಬಿಟ್ಟು ಮುಂದೆ ತಿರುವಲೇ ಇಲ್ಲ. "ನಮ್ಮವ್ವ ಹಿಂಗೇ ಹೊಲಿಯೋಳು ಕಣ್ರಿ. ತಗಳ್ರಿ, ಮಾರೋದು ನನಗಿರ್ಲಿ" ಅಂದರು ಗಂಡನಿಗೆ.

ದೀಪಾವಳಿಗೆ ಅಣ್ಣಂದಿರು ಗಾಡಿ ತಂದರು. ಕಟ್ಟಿಟ್ಟ ಫ್ರಾಕುಗಳ ರಾಶಿ ಕಂಡು, ಹೋಳಿಗೆ ಉಂಡು, ಖಾಲಿ ಗಾಡಿ ಹೊಡೆದುಕೊಂಡು ಹೋದರು.

ಆದರೆ ಆ ಸುಖ ಬಹಳ ದಿನ ಇರಲಿಲ್ಲ. ಅತ್ತಿಗೆ ಹೊಟ್ಟೆನೋವನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದರು. ಆಸ್ಪತ್ರೆಯವರು ಕೈಚೆಲ್ಲಿದಾಗ, "ಮನೆಗೆ ಹೋಗಾಣ ನಡಿಯಪ್ಪ" ಅಂದರು. ಹೊಳಲ್ಕೆರೆಯ ಅದೇ ಮನೆಯಲ್ಲಿ ಕಣ್ಣು ಮುಚ್ಚಿದರು.

ಅಣ್ಣಂದಿರು ಬಂದರು. ಹಿರಿಯ ಹೊಸ್ತಿಲಾಚೆಯೇ ನಿಂತ. ಕಂಬಳಿ ಹೆಗಲಿಂದ ಇಳಿಸಿ ಕೈಯಲ್ಲಿ ಹಿಡಿದು ನನ್ನನ್ನು ಕೇಳಿದ:

"ನಮ್ ತಂಗಿ ಮನೆ ಇದು. ಒಳಗ್ ಬರಬೋದೇನಪ್ಪ?"

ಬಾಗಿಲು ಬಿಟ್ಟು ಸರಿದು ನಿಂತೆ.

ನಾಲ್ಕಕ್ಷರ ನೆಟ್ಟಗೆ ಬರೆಯುತ್ತೇನೆಂದರೆ ಅದು ಅತ್ತಿಗೆ ಬರೆಸಿದ್ದು. ನಿಮ್ಮನ್ನೂ ಹೀಗೆ ತಿದ್ದಿದವರಿದ್ದರೆ, ಅವರ ಬಗ್ಗೆ ನೀವೂ ಬರೆದು ತಿಳಿಸಿ. ಓದಲು ಕಾಯುತ್ತಿರುತ್ತೇನೆ.