ಕೈಗುಣದ ಲೆಕ್ಕ

ರೊಟ್ಟಿ ಎಣಿಸುವ ಚಟ ನನಗೆ ಯಾವಾಗ ಅಂಟಿತೋ ತಿಳಿಯದು. ಊಟಕ್ಕೆ ಕೂರುವ ಮೊದಲೇ ಡೈರಿಯಲ್ಲಿ ತಾರೀಖು ಹಾಕಿ, ಇವತ್ತು ಬಡಿದವರು ಯಾರು, ಹಿಟ್ಟು ಬೀಸಿ ಎಷ್ಟು ದಿನವಾಯಿತು, ಹಂಚಿನ ಮೇಲೆ ಹರಿದವೆಷ್ಟು ಎಂದು ಬರೆದಿಡುತ್ತಿದ್ದೆ. ಆಳಂದದ ನಮ್ಮ ಮನೆಯಲ್ಲಿ ಇದನ್ನು ಯಾರೂ ವಿದ್ಯೆ ಎನ್ನಲಿಲ್ಲ. ದಿನಾ ಬಸ್ಸಿನಲ್ಲಿ ಗುಲಬರ್ಗಾಕ್ಕೆ ಹೋಗಿ ಸಂಖ್ಯಾಶಾಸ್ತ್ರ ಓದತೊಡಗಿದ ಮೇಲಷ್ಟೇ ಅದಕ್ಕೆ ‘ದತ್ತಾಂಶ’ ಎಂಬ ಗೌರವದ ಹೆಸರು ಸಿಕ್ಕಿತು.

ಆ ವರ್ಷ ಅಣ್ಣನ ಮದುವೆಯಾಗಿ ಇಜೇರಿಯಿಂದ ವೈನಿ ಬಂದಿದ್ದಳು. ಅವಳ ರೊಟ್ಟಿಗಳು ಹರಿಯುತ್ತಿದ್ದವು. “ಕೈಗುಣ ಇಲ್ಲ ಬಿಡವಾ,” ಎಂದು ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಅಮಾವಾಸ್ಯೆಗೆ ವೈನಿಯ ತಂದೆ ಬರುವವರಿದ್ದರು. ಅವರ ಮುಂದೆಯೂ ಇದೇ ಮಾತು ಬಂದರೆ ಹೇಗೆಂದು ವೈನಿ ಒಳಗೊಳಗೇ ಹೆದರಿದ್ದಳು.

ಆಗ ತರಗತಿಯಲ್ಲಿ ಲೀನಿಯರ್ ಮಾಡೆಲ್ ನಡೆದಿತ್ತು. ಹಿಟ್ಟು ಹಳೆಯದಾದಂತೆ ರೊಟ್ಟಿ ಹರಿಯುವ ಸಂಭವ ಎಷ್ಟು ಏರುತ್ತದೆಂದು ತೋರಿಸಲು ಒಂದು ನೇರ ಗೆರೆ ಎಳೆದೆ. ಗೆರೆ ಚಂದವೇ ಇತ್ತು. ಅಂದೇ ಬೀಸಿದ ಹಿಟ್ಟಿನ ಹತ್ತಿರ ಮಾತ್ರ ಅದು ಸೊನ್ನೆಗಿಂತ ಕೆಳಗಿಳಿದಿತ್ತು. ವೈನಿಗೆ ತೋರಿಸಿದೆ.

“ಸೊನ್ನಿಗಿಂತ ಕಮ್ಮಿ ಹರೀತಾವಂದ್ರ, ಹರದ ರೊಟ್ಟಿ ಹಂಚಿನ ಮ್ಯಾಲ ತಾವೇ ಕೂಡ್ಕೋತಾವೇನು?” ಎಂದಳು.

ಮರುದಿನ ನಮ್ಮ ಮೇಷ್ಟ್ರೂ ಇದೇ ತಕರಾರು ತೆಗೆದರು, ಇಂಗ್ಲಿಷಿನಲ್ಲಿ, ಇಷ್ಟು ಚಂದವಾಗಿ ಅಲ್ಲ. ಹರಿಯಿತೋ ಇಲ್ಲವೋ ಎಂಬಂಥ ಪ್ರಶ್ನೆಗೆ ನೇರ ಗೆರೆ ಹೊಂದದು. ಸೊನ್ನೆಯ ಕೆಳಗೂ ಒಂದರ ಮೇಲೂ ಹೋಗದಂತೆ ಎರಡೂ ತುದಿಯಲ್ಲಿ ಬಾಗುವ ಗೆರೆ ಬೇಕು. ಜನರಲೈಸ್ಡ್ ಲೀನಿಯರ್ ಮಾಡೆಲ್ ಎಂಬ ಗತ್ತಿನ ಹೆಸರಿನ ಹಿಂದೆ ಇರುವುದು ಇಷ್ಟೇ ವಿನಯ. ಆದರೆ ಉತ್ತರ ಕದಲದೆ ನಿಲ್ಲುವವರೆಗೆ ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಬೇಕು. ಕುಲುಕುವ ಬಸ್ಸಿನಲ್ಲಿ ಕ್ಯಾಲ್ಕುಲೇಟರನ್ನು ತೊಡೆಯ ಮೇಲಿಟ್ಟುಕೊಂಡು ನಾನು ಅದನ್ನೇ ಮಾಡಿದೆ.

ಈ ಸಲ ಹಿಟ್ಟಿನ ವಯಸ್ಸಿನ ಜೊತೆಗೆ ಬಡಿದ ಕೈಯನ್ನೂ ಲೆಕ್ಕಕ್ಕೆ ಸೇರಿಸಿದ್ದೆ. ಗಿರಣಿಯಿಂದ ಹಿಟ್ಟು ಬಂದ ಮೊದಲ ದಿನಗಳು ಅವ್ವನ ಸರದಿ. ಡಬ್ಬಿಯ ತಳದಲ್ಲಿ ಉಳಿದು ಜಿಗಿ ಕಳೆದುಕೊಂಡ ಹಿಟ್ಟು ವೈನಿಯ ಪಾಲು. ಅವ್ವ ಗಾಣಗಾಪುರಕ್ಕೆ ಹೋದಾಗಲೆಲ್ಲ ಹೊಸ ಹಿಟ್ಟು ವೈನಿಗೆ ಸಿಕ್ಕಿತ್ತು, ರೊಟ್ಟಿ ಹೆಚ್ಚೇನೂ ಹರಿದಿರಲಿಲ್ಲ. ವೈನಿ ತವರಿಗೆ ಹೋದಾಗ ಹಳೆಯ ಹಿಟ್ಟು ಅವ್ವನಿಗೆ ಬಂದು ರೊಟ್ಟಿಗಳು ಧಾರಾಳವಾಗಿ ಹರಿದಿದ್ದವು. ಆಗ ಅವ್ವ ಬೈದದ್ದು ಗಿರಣಿಯವನನ್ನು. ಉತ್ತರ ಕದಲದೆ ನಿಂತಾಗ, ರೊಟ್ಟಿ ಹರಿಯುವುದರಲ್ಲಿ ಕೈಯ ಪಾಲು ಹೆಚ್ಚುಕಡಿಮೆ ಸೊನ್ನೆ. ಅವ್ವನಿಗೆ ಅದನ್ನೇ ಹೇಳಿದೆ.

“ಅಂದ್ರ ನನ್ನ ಕೈಗೂ ಕಿಮ್ಮತ್ತಿಲ್ಲೇನ ಬೇ?” ಎಂದಳು ಅವ್ವ.

“ಇಬ್ಬರ ಕೈನೂ ಒಂದೇ ಅಂತ ಹೇಳಾಕತ್ತೇನಿ, ಅವ್ವಾ.”

ಅಮಾವಾಸ್ಯೆಯ ಬೆಳಿಗ್ಗೆ ಅವ್ವ ತಾನೇ ಗಿರಣಿಗೆ ಹೋಗಿ, ಇನ್ನೂ ಬೆಚ್ಚಗಿದ್ದ ಹಿಟ್ಟನ್ನು ತಂದು ವೈನಿಯ ಮುಂದಿಟ್ಟಳು. ರೊಟ್ಟಿಗಳು ಒಂದರ ಹಿಂದೊಂದು ಉಬ್ಬಿ ಬಂದವು.

“ನೋಡ್ರಿ ಬೀಗರ,” ಎಂದಳು ಅವ್ವ ವೈನಿಯ ತಂದೆಗೆ ಬಡಿಸುತ್ತ, “ನಿಮ್ಮ ಮಗಳ ಕೈಗುಣ ಅಂದ್ರ ಕೈಗುಣ.”

ಒಲೆಯ ಮುಂದೆ ಕೂತಿದ್ದ ವೈನಿ ನನ್ನ ಕಡೆ ನೋಡಿ ಸೆರಗಿನ ಮರೆಯಲ್ಲಿ ನಕ್ಕಳು. ನಾನೇ ಅಷ್ಟು ಕಷ್ಟಪಟ್ಟು ಸೊನ್ನೆಗೆ ಇಳಿಸಿದ್ದ ಕೈಗುಣ. ತಿದ್ದಲೆಂದು ಬಾಯಿ ತೆರೆದವಳು ರೊಟ್ಟಿಯ ತುತ್ತನ್ನೇ ಇಟ್ಟುಕೊಂಡೆ. ಡೈರಿಯಲ್ಲಿ ಆ ತಾರೀಖಿನ ಮುಂದೆ ಎಣಿಕೆ ಇಲ್ಲ. ‘ಮಾಡೆಲ್ ಸರಿಹೊಂದಿದೆ’ ಎಂದಷ್ಟೇ ಇದೆ.