ಮೇಜು, ಮಂಚ ಮತ್ತು ಜಯಕ್ಕ

ಜಯಕ್ಕ ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಕೂರಲಿ ಅಂತ ಸ್ಟೂಲು ಎಳೆದುಕೊಟ್ಟೆ. "ಬ್ಯಾಡ ಕಣವ್ವ, ಅಷ್ಟು ತಗ್ಗಿನಾಗೆ ಕುಂತ್ರೆ ಎಬ್ಸಾಕೆ ಇಬ್ರು ಬೇಕು" ಅಂದಳು. ನಿಂತೇ ಮಾತಾಡಿದಳು. ನಿಂತ ಕಾಲಲ್ಲೇ ನನ್ನ ಒಂದು ಬೆಳಗಿನ ಕೆಲಸವನ್ನೆಲ್ಲ ಕೆಡಿಸಿದಳು. ಆಮೇಲೆ ಒಂದು ತಿಂಗಳು ಹೀಗೇ ಬಂದು ಬಂದು ಕೆಡಿಸಿದಳು, ಕೊನೆಗೆ ಅವಳು ಬಾರದ ದಿನ ನಾನೇ ಬಾಗಿಲ ಕಡೆ ನೋಡುವ ಹಾಗಾಯಿತು.

ನನ್ನದು ಹಿರಿಯೂರಲ್ಲಿ ಹೈವೇ ಪಕ್ಕ ಸೀಟು ಹೊಲಿಯುವ ಅಂಗಡಿ. ಲಾರಿ, ಟ್ರ್ಯಾಕ್ಟರು, ಆಟೋ ಯಾವುದೇ ಬರಲಿ, ಸ್ಪಂಜು ಕತ್ತರಿಸಿ ರೆಕ್ಸಿನ್ ಹೊದಿಸಿ ಕೊಡುತ್ತೇನೆ. ಪಕ್ಕದ ಶೆಡ್ಡು ಏಕಾಂತಪ್ಪನದು. ಅವನು ಲಾರಿಗೆ ಬಾಡಿ ಕಟ್ಟುವವನು. ಮಾತು ಕಡಿಮೆ, ಮುನಿಸು ಜಾಸ್ತಿ. ಅವನು ಕಟ್ಟಿದ ಬಾಡಿಗೆ ನಾನು ಸೀಟು ಹೊಲಿಯಬೇಕು, ಆದ್ದರಿಂದ ಅವನ ಮುನಿಸನ್ನು ಅರ್ಧ ನಾನೇ ಹೊರಬೇಕು.

ಜಯಕ್ಕ ಹೊಸದುರ್ಗದ ಶ್ರೀರಾಂಪುರ ಕಡೆಯ ಗೊಲ್ಲರಹಟ್ಟಿಯವಳು. ತವರು ತುರುವನೂರು ಕಡೆ. ಮದುವೆಯಾದ ವರ್ಷದಿಂದ ಕುರಿಯ ಹಿಂದೆ ನಡೆದವಳು. ಸುಗ್ಗಿ ಮುಗಿದ ಮೇಲೆ ಮಂದೆ ಹೊಳಲ್ಕೆರೆ ಕಡೆಗೆ ಹೊರಟರೆ, ಅಲ್ಲಿಂದ ಚಿತ್ರದುರ್ಗದ ಸುತ್ತ, ಮತ್ತೆ ಹಿರಿಯೂರು ಕಡೆ. ರೈತರು ಗೊಬ್ಬರಕ್ಕೆ ಅಂತ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ, ಆ ಹೊಲವೇ ಅಷ್ಟು ದಿನದ ಮನೆ. ಮಗ ಜುಂಜೇಶ್ ತಿಂಗಳ ಕೂಸಾಗಿದ್ದಾಗ ಅವನನ್ನು ಕಂಬಳಿಯಲ್ಲಿ ಕಟ್ಟಿಕೊಂಡು ನಡೆದಳಂತೆ. "ಆ ಕಳ್ಳ ನಡೆಯಾಕೆ ಕಲಿತಿದ್ದೇ ಕುರಿ ಬಾಲ ಹಿಡ್ಕಂಡು" ಅನ್ನುತ್ತಿದ್ದಳು. ಈಗ ಆ ಕಳ್ಳ ಪಿಕಪ್ ಗಾಡಿ ಇಟ್ಟುಕೊಂಡಿದ್ದಾನೆ. ಮಂದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಟಾಗ ಮರಿ, ಪಾತ್ರೆ, ರಾತ್ರಿ ಕುರಿ ಕೂಡುವ ಬಲೆ ಎಲ್ಲ ಅದರಲ್ಲೇ ಹೇರಿಕೊಂಡು ಹೋಗಿ ಇಳಿಸಿ ಬರುತ್ತಾನೆ.

ಮಂಡಿ ಹೋದ ಮೇಲೆ ಜಯಕ್ಕನಿಗೆ ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ. ಅದಕ್ಕೇ ಒಂದು ಹಳೆ ಗಾಡಿಗೆ ಏಕಾಂತಪ್ಪನ ಕೈಯಲ್ಲಿ ಡಬ್ಬ ಕಟ್ಟಿಸಿ, ಮಂದೆಯ ಜೊತೆ ಹೋಗುವ ಗಾಡಿಮನೆ ಮಾಡಿಸುತ್ತಿದ್ದಾಳೆ ಅಂತ ನಾನು ತಿಳಿದಿದ್ದೆ. ಎರಡನೇ ದಿನವೇ ಅವಳು ನನ್ನ ತಪ್ಪು ತಿದ್ದಿದಳು.

"ನನ್ ಮಂಡಿದೇನು, ಮನ್ಯಾಗೆ ಕುರ್ಚಿ ಐತೆ, ಸೊಸೆ ಮೀನಾಕ್ಷಿ ಅವ್ಳೆ. ನಮ್ ಯಜಮಾನನ ಎದೆ ಕೇಳಿದೀಯಾ? ಪೀಪಿ ಊದ್ದಂಗೆ ಊದ್ತೈತೆ. ದುರ್ಗದ ಡಾಕ್ಟ್ರು ಇಬ್ಬನಿನಾಗೆ ಮಲಗ್ಬ್ಯಾಡ ಅಂದ್ರು. ಈ ಮನುಷ್ಯ ಕೇಳ್ತಾನಾ? ಕುರಿ ಮಗ್ಗುಲಾಗೇ ಕಂಬ್ಳಿ ಹೊದ್ಕಂಡು ಬೀಳ್ತಾನೆ. ಹೋದ ಚಳಿಗಾಲದಾಗೆ ಹೊಳಲ್ಕೆರೆ ಹತ್ರ ಒಂದಿನ ಬೆಳಗ್ಗೆ ಎಬ್ಬಿಸ್ತೀನಿ, ಉಸ್ರು ತಗೊಳಾಕೆ ಆಗದೆ ಕಣ್ಣು ಮೇಲಾಗೈತೆ. ಈ ಸಲ ಸೂರಿನ ಕೆಳಗೆ ಮಲಗಿಸ್ಲಿಲ್ಲ ಅಂದ್ರೆ ನಾನು ಆವಯ್ಯನ್ನ ಕಳ್ಕೊಂತೀನಿ ಕಣವ್ವ."

ಇಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಹೊತ್ತಿನಿಂದ ಆ ಗಾಡಿ ನನ್ನದೂ ಆಯಿತು.

ಆವಯ್ಯ ಅಂದರೆ ಕಾಟಯ್ಯ. ಒಣಗಿದ ಕಡ್ಡಿಯಂಥ ಮೈ, ತಲೆಗೆ ಕೆಂಪು ವಸ್ತ್ರ, ಯಾರು ಏನೇ ಹೇಳಲಿ "ನೋಡಾಣ ಬಿಡು" ಅನ್ನುವ ಬಾಯಿ. ಆ ನೋಡಾಣ ಅನ್ನುವುದನ್ನು ನಂಬಿದವರು ಕೆಟ್ಟರು. ನಗುತ್ತಲೇ ಇರುತ್ತಾನೆ, ತನಗೆ ಬೇಕಾದ್ದನ್ನೇ ಮಾಡುತ್ತಾನೆ. ನನಗೂ ಅಂಥದೇ ಒಬ್ಬ ಗಂಡ ಇರುವುದರಿಂದ ಈ ಜಾತಿಯ ಗಂಡಸು ನನಗೆ ಚೆನ್ನಾಗಿ ಗೊತ್ತು.

ಗಾಡಿಯ ಹಿಂದಿನ ಡಬ್ಬ ಸಣ್ಣದು. ಅಷ್ಟರಲ್ಲೇ ಇಬ್ಬರು ಕಾಲು ಇಳಿಬಿಟ್ಟು ಕೂತು ಉಣ್ಣಬೇಕು, ಇಬ್ಬರು ಮಲಗಬೇಕು. ಜಯಕ್ಕ ತನ್ನ ಕಂಬಳಿ ತಂದು ಡಬ್ಬದ ತಳದಲ್ಲಿ ಹಾಸಿ, "ಇಷ್ಟಗಲ ಮಂಚ ಬೇಕು" ಅಂದಳು.

"ಹಂಗಾದ್ರೆ ಮೇಜು ಎಲ್ಲಿ ಇಡ್ಲಿ? ಟಾಪ್ ಮೇಲಾ?" ಅಂದ ಏಕಾಂತಪ್ಪ.

ಜಯಕ್ಕ ಸೊಸೆಯ ಫೋನು ತೆಗೆದಳು. ಯಾವುದೋ ದೇಶದ ಗಂಡಹೆಂಡತಿ ಇಂಥದೇ ಸಣ್ಣ ಗಾಡಿಯಲ್ಲಿ ಸಂಸಾರ ಮಾಡುವ ವಿಡಿಯೋ. ಎದುರುಬದುರು ಎರಡು ಬೆಂಚು, ನಡುವೆ ಮೇಜು. ಉಂಡಾದ ಮೇಲೆ ಮೇಜಿನ ಕಾಲು ತೆಗೆದು ಹಲಗೆಯನ್ನು ಬೆಂಚುಗಳ ಮಟ್ಟಕ್ಕೆ ಇಳಿಸಿದರೆ ನಡುವಿನ ಸಂದು ಮುಚ್ಚಿ ಮಂಚವಾಗುತ್ತದೆ. ಅದನ್ನು ಅವಳು ಎಷ್ಟು ಸಲ ನೋಡಿದ್ದಳೋ, ಆ ಬಿಳಿ ಹೆಂಗಸು ಮುಂದೆ ಏನು ಮಾಡುತ್ತಾಳೆ ಅಂತ ಮೊದಲೇ ಹೇಳುತ್ತಿದ್ದಳು. ಏಕಾಂತಪ್ಪನಿಗೂ ಹುರುಪು ಬಂತು. ಆಯುಷ್ಯವೆಲ್ಲ ಈರುಳ್ಳಿ ಮೂಟೆಗೆ, ಜಲ್ಲಿಗೆ ಬಾಡಿ ಕಟ್ಟಿದವನು. ಮನುಷ್ಯರು ಮಲಗುವ ಬಾಡಿ ಇದೇ ಮೊದಲು.

ಕೆಲಸ ಚೆನ್ನಾಗಿಯೇ ಬಂತು. ಬೆಂಚಿನ ಎತ್ತರಕ್ಕೆ ಜಯಕ್ಕ ತಾನೇ ಅಳತೆಯಾದಳು. ಕೂತು ಎದ್ದು, ಕೂತು ಎದ್ದು, "ಇನ್ನೊಂದು ಬೆರಳು ಎತ್ತರ ಮಾಡ್ರಿ" ಅನ್ನುತ್ತ ಏಕಾಂತಪ್ಪನ ಜೀವ ತಿಂದಳು. ನಾನು ನೀಲಿ ರೆಕ್ಸಿನ್ನಿನಲ್ಲಿ ದಿಂಬು ಹೊಲಿದೆ. ನೀಲಿ ಬೇಡ ಅಂತ ಜಗಳ ತೆಗೆದಳು, ಕಡೆಗೆ ಅದನ್ನೇ ಸವರಿ ಸವರಿ ನೋಡಿದಳು.

ಕಾಟಯ್ಯನಿಗೆ ತೋರಿಸುವ ದಿನ ಜುಂಜೇಶ್ ಇಬ್ಬರನ್ನೂ ಕರೆದುಕೊಂಡು ಬಂದ. ಬರುವಾಗ ಜಯಕ್ಕ ಮುದ್ದೆ, ಹುರುಳಿ ಸಾರು ಕಟ್ಟಿಕೊಂಡು ಬಂದಿದ್ದಳು. ಮೊದಲ ಊಟ ಇಲ್ಲೇ ಆಗಬೇಕು ಅಂತ ಅವಳ ಆಸೆ. ಗಂಡಹೆಂಡತಿ ಎದುರುಬದುರು ಕೂತು ಮೇಜಿನ ಮೇಲೆ ತಟ್ಟೆ ಇಟ್ಟುಕೊಂಡು ಉಂಡರು. ಕಾಟಯ್ಯನಿಗೆ ಕಾಲು ಎಲ್ಲಿಡಬೇಕು ಗೊತ್ತಾಗದೆ ಒಂದು ಸಲ ಮೇಲೆ ಮಡಚಿದ, ಒಂದು ಸಲ ಕೆಳಗೆ ಬಿಟ್ಟ. ಉಂಡು ಕೈ ತೊಳೆದದ್ದಾಯಿತು. ಏಕಾಂತಪ್ಪ ಹೆಮ್ಮೆಯಿಂದ ಒಳಗೆ ಹತ್ತಿ, ಮೇಜು ಇಳಿಸಿ, ದಿಂಬು ಜೋಡಿಸಿ, "ಮಲಗ್ರಿ ಕಾಟಯ್ಯ, ನೋಡಾಣ" ಅಂದ.

ಕಾಟಯ್ಯ ಮಲಗಲಿಲ್ಲ. ದಿಂಬು ಎತ್ತಿ ಕೆಳಗಿನ ಹಲಗೆ ನೋಡಿದ. ಅವನ ಮುಖದಲ್ಲಿ ನಗು ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಈಗ ಅನ್ನ ಇಟ್ಕಂಡು ಉಂಡ ಹಲಿಗೆ ಅಲ್ವೇನಪ್ಪ ಇದು? ಇದ್ರ ಮ್ಯಾಲೆ ಕಾಲು ಚಾಚ್ಲಾ? ಅನ್ನ ತುಳಿದಂಗೆ ಆಗಲ್ವಾ?"

ಇಳಿದು ಹೋಗಿ ರಸ್ತೆ ಕಡೆ ಮುಖ ಮಾಡಿ ಕೂತ.

ಏಕಾಂತಪ್ಪ ಜಯಕ್ಕನ ಕಡೆ ನೋಡಿದ, ಜಯಕ್ಕ ನನ್ನ ಕಡೆ. ಅವಳ ಮುಖ ಸಣ್ಣಗಾಗಿತ್ತು. ಮನೆಯಲ್ಲಿ ಮೊರಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಹೆಂಗಸು. ವಿಡಿಯೋವನ್ನು ಅಷ್ಟು ಸಲ ನೋಡಿದರೂ ಇದೊಂದು ಅವಳಿಗೆ ಹೊಳೆದಿರಲಿಲ್ಲ. ಹೊಳೆಯಲಿಲ್ಲವಲ್ಲ ಅಂತ ನನಗೂ ನಾಚಿಕೆಯಾಯಿತು. ನಮ್ಮ ಮನೆಯಲ್ಲೂ ತಟ್ಟೆ ಇಡುವ ಮಣೆ ಮೇಲೆ ಯಾರೂ ಕೂರುವುದಿಲ್ಲ. ಗಾಡಿಯೊಳಗೆ ಹೊಕ್ಕ ಕೂಡಲೇ ಎಲ್ಲರ ಬುದ್ಧಿಯೂ ಆ ಬಿಳಿ ಹೆಂಗಸಿನ ಬುದ್ಧಿಯಾಗಿತ್ತು.

ಜುಂಜೇಶ್‌ಗೆ ಮಾತ್ರ ರೇಗಿತು. "ಇದೆಲ್ಲ ನೆಪ ಕಣವ್ವ. ಅಪ್ಪಗೆ ಒಳಗೆ ಮಲಗಾಕೆ ಇಷ್ಟ ಇಲ್ಲ. ಕುರಿ ಮಾರಿ ಇಬ್ರೂ ಮನ್ಯಾಗಿರ್ರಿ, ಸಾಕು."

"ಲೇ, ಕುರಿ ಮಾರಿದ ಮಾರ್ನೇ ದಿನಕ್ಕೆ ನಿಮ್ಮಪ್ಪ ಹಾಸಿಗೆ ಹಿಡೀತಾನೆ" ಅಂದಳು ಜಯಕ್ಕ. "ನೆಪಾನೇ ಇರ್ಲಿ. ಆ ನೆಪ ಇಲ್ದಂಗೆ ಮಾಡಾಣ. ಏಕಾಂತಣ್ಣ, ಉಣ್ಣೋ ಹಲಿಗೆ ಉಣ್ಣಾಕೆ, ಮಲಗೋ ಹಲಿಗೆ ಮಲಗಾಕೆ. ಬ್ಯಾರೆ ಬ್ಯಾರೆ ಮಾಡ್ರಿ."

"ಜಾಗ?" ಅಂದ ಏಕಾಂತಪ್ಪ.

"ಅದು ನಿಮ್ ಕೆಲ್ಸ."

ಅವನು ಮೊದಲು ನಡುವಿನ ಸಂದಿಗೆ ಬೇರೆಯೇ ಒಂದು ಹಲಗೆ ಮಾಡಿ ಬೆಂಚಿನ ಕೆಳಗೆ ಸರಿಸಿಟ್ಟ. ಜಯಕ್ಕ ಬಗ್ಗಿ ಎಳೆದು ಎತ್ತಲು ಹೋಗಿ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಂತುಬಿಟ್ಟಳು. ಅಷ್ಟು ಭಾರ. ಕಾಟಯ್ಯ ಎತ್ತಿಕೊಡಲಿ ಅಂದರೆ, ಅವನು ಎತ್ತುವುದೂ ಇಲ್ಲ, ಮಲಗುವುದೂ ಇಲ್ಲ. ಏಕಾಂತಪ್ಪ ಹಲಗೆಯನ್ನು ಶೆಡ್ಡಿನ ಮೂಲೆಗೆ ಎಸೆದು ಮಾತು ಬಿಟ್ಟ. ನನ್ನ ಜೊತೆಗೂ ಬಿಟ್ಟ. ಚಹಾ ಕಳಿಸಿದರೆ ಕುಡಿಯುತ್ತಿದ್ದ, ಲೋಟ ಮಾತ್ರ ತಿರುಗಿ ಬರುತ್ತಿರಲಿಲ್ಲ. ಅತ್ತ ಶ್ರೀರಾಂಪುರ ಕಡೆ ರಾಗಿ ಕೊಯ್ಲು ಮುಗಿಯುತ್ತಿತ್ತು, ಮಂದೆ ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು. ಬೆಳಗಿನ ಚಳಿ ಆಗಲೇ ಶುರುವಾಗಿತ್ತು.

ಒಂದು ದಿನ ಗರಗಸದ ಸದ್ದು ಕೇಳಿ ಹೊರಗೆ ಬಂದು ನೋಡುತ್ತೇನೆ, ಏಕಾಂತಪ್ಪ ಬೆಂಚಿನ ಮೇಲ್ಹಲಗೆಯನ್ನೇ ಉದ್ದಕ್ಕೆ ಸೀಳಿ ಸೀಳಿ ಪಟ್ಟಿ ಮಾಡುತ್ತಿದ್ದಾನೆ! ಓಡಿಹೋಗಿ ಬಾಯಿಗೆ ಬಂದದ್ದೆಲ್ಲ ಬೈದೆ. ನಿನ್ನ ಸಿಟ್ಟಿಗೆ ಬೆಂಕಿ ಬೀಳಲಿ, ಆ ಹೆಂಗಸಿನ ಕಣ್ಣೀರು ತಟ್ಟದೆ ಇರುತ್ತಾ, ಮುದುಕನಿಗೆ ಏನಾದರೂ ಆದರೆ ನೀನು ಹೊಣೆ ಹೊರುತ್ತೀಯಾ ಅಂದೆ. ಅವನು ಗರಗಸ ನಿಲ್ಲಿಸಿ ನಾನು ಮುಗಿಸುವ ತನಕ ಸುಮ್ಮನೆ ಕೇಳಿದ. ಆಮೇಲೆ "ಆತಾ? ನಾಳೆ ಬಂದು ನೋಡು" ಅಂದು ಮತ್ತೆ ಗರಗಸ ಹಿಡಿದ.

ಮಾರನೇ ದಿನ ನೋಡಿದೆ. ಒಂದು ಬೆಂಚಿನ ಮೇಲ್ಭಾಗ ಪೂರಾ ಪಟ್ಟಿ. ಒಂದು ಬಿಟ್ಟು ಒಂದು ಪಟ್ಟಿ ಬೆಂಚಿಗೆ ಬಿಗಿದದ್ದು, ನಡುನಡುವಿನವು ಮುಂದಿನ ಅಡ್ಡಪಟ್ಟಿಗೆ ಸೇರಿದ್ದು. ಆ ಅಡ್ಡಪಟ್ಟಿ ಹಿಡಿದು ಎಳೆದರೆ ಅದು ತನ್ನ ಪಟ್ಟಿಗಳ ಜೊತೆ ಜಾರಿಕೊಂಡು ಬಂದು ಎದುರಿನ ಬೆಂಚಿಗೆ ತಾಗಿ ಕೂರುತ್ತದೆ, ಬೆಂಚು ಮಂಚವಾಗುತ್ತದೆ. ತಳ್ಳಿದರೆ ಮತ್ತೆ ಬೆಂಚು. ಊಟದ ಮೇಜನ್ನು ಮುಂದಿನ ಗೋಡೆಗೆ ಕೀಲು ಹಾಕಿ ನಿಲ್ಲಿಸಿದ್ದ. ಉಂಡಾದ ಮೇಲೆ ಒರೆಸಿ ಮೇಲಕ್ಕೆ ಮಡಚಿ ಚಿಲಕ ಹಾಕಿದರೆ ತಲೆಗಿಂತ ಮೇಲೆ, ಯಾರ ಕಾಲೂ ಸೋಕದ ಹಾಗೆ ನಿಲ್ಲುತ್ತದೆ. ನಾನು ಬೈದದ್ದಕ್ಕೆ ತಪ್ಪಾಯಿತು ಅನ್ನಲು ಬಾಯಿ ತೆರೆದರೆ, "ಮೊದ್ಲು ದಿಂಬು ತಿರುಗಾ ಹೊಲಿ. ನಡುವಿಗೆ ಒಂದು ಬ್ಯಾರೇದು ಬೇಕು" ಅಂದ.

ಜಯಕ್ಕ ಬಂದು ಒಂದೇ ಕೈಯಲ್ಲಿ ಎಳೆದು ನೋಡಿದಳು. ತಳ್ಳಿದಳು. ಮತ್ತೆ ಎಳೆದಳು. ಆಮೇಲೆ ಏಕಾಂತಪ್ಪನ ಕೈ ಹಿಡಿದುಕೊಂಡು, "ನನ್ ಅಣ್ಣ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ ಕಣಪ್ಪ" ಅಂದಳು. ಆ ಮುನಿಸಿನ ಮನುಷ್ಯ ಕೈ ಬಿಡಿಸಿಕೊಳ್ಳುವುದು ಹೇಗೆ ಅಂತ ತಿಳಿಯದೆ ಒದ್ದಾಡಿದ.

ಕಾಟಯ್ಯ ಬಂದ, ಉಂಡ, ಮೇಜು ಮೇಲಕ್ಕೆ ಹೋದದ್ದನ್ನು ನೋಡಿದ. ಮಂಚದ ಮೇಲೆ ಮೈ ಚಾಚಿಯೂ ನೋಡಿದ. ಎದ್ದು ಕೂತು ಹಳೆಯ ನಗು ನಕ್ಕ.

"ಚೆನ್ನಾಗೈತೆ. ಆದ್ರೆ ಇಬ್ರೂ ಒಳಗೆ ಗೊರಕೆ ಹೊಡುದ್ರೆ ಕುರಿ ಯಾರು ನೋಡ್ತಾರೆ? ತೋಳ ಬಂದು ಬಾಗ್ಲು ತಟ್ಟಿ ಹೇಳ್ತೈತಾ?"

ಜಯಕ್ಕ ಪಕ್ಕಕ್ಕೆ ಸರಿದ ದಿಂಬನ್ನು ಸರಿಮಾಡತೊಡಗಿದಳು. ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ ಅಂದುಕೊಂಡೆ. "ನೋಡಾಣ ಬಿಡು" ಅಂದ ಕಾಟಯ್ಯ. ಗಾಡಿ ಹೊರಟಿತು.

ಮಂದೆ ಹೊಳಲ್ಕೆರೆ ಕಡೆ ಸುತ್ತಿ ನಮ್ಮೂರ ಪಕ್ಕದ ಬಬ್ಬೂರಿಗೆ ಬಂದಾಗ ಸಂಕ್ರಾಂತಿ ಹತ್ತಿರವಿತ್ತು. ಕಿಟಕಿಗೆ ಪರದೆ ಹೊಲಿದುಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆ. ನಿಜ ಹೇಳಬೇಕೆಂದರೆ ಪರದೆ ನೆಪ. ಕಾಟಯ್ಯ ಈಗಲೂ ಹೊರಗೇ ಬೀಳುತ್ತಿದ್ದರೆ ನಾಲ್ಕು ಮಾತು ಅನ್ನಬೇಕು ಅಂತ ಬೆಳಗ್ಗೆ ಎದ್ದು ಸ್ಕೂಟಿ ಹತ್ತಿದ್ದೆ. ಹೊಲದ ತುಂಬ ಇಬ್ಬನಿ, ಹೊತ್ತು ಆಗತಾನೆ ಮೇಲೆ ಬಂದಿತ್ತು. ಬಲೆಯ ಒಳಗೆ ಕುರಿ, ಪಕ್ಕದಲ್ಲೇ ಗಾಡಿ. ಬಲೆಯ ಬದಿಯಲ್ಲಿ ಕಂಬಳಿ ಹೊದ್ದು ಯಾರೋ ಕೂತಿದ್ದರು. ಕಾಟಯ್ಯನೇ ಅಂತ ಬೈಗುಳ ನಾಲಿಗೆ ತುದಿಗೆ ತಂದುಕೊಂಡು ಹತ್ತಿರ ಹೋದೆ.

ಜಯಕ್ಕ. ಬೋರಲು ಹಾಕಿದ ಟೊಮೆಟೊ ಕ್ರೇಟುಗಳ ಮೇಲೆ ನಾನು ಹೊಲಿದ ನಡುವಿನ ದಿಂಬು ಹಾಕಿಕೊಂಡು, ತೊಡೆಯ ಮೇಲೆ ಕೋಲು ಇಟ್ಟುಕೊಂಡು ಕೂತಿದ್ದಳು. ಕಂಬಳಿಯೆಲ್ಲ ಒದ್ದೆ.

"ಇದೇನು ಜಯಕ್ಕ?" ಅಂದೆ.

ತುಟಿಯ ಮೇಲೆ ಬೆರಳಿಟ್ಟಳು. "ಕುರಿ ನೋಡಾಕೆ ಒಬ್ರು ಬೇಕು ಅಂದ್ನಲ್ಲ. ಹಂಚ್ಕಂಡೀವಿ. ನಡುರಾತ್ರಿ ತಂಕ ಆವಯ್ಯ. ಆಮ್ಯಾಲೆ ಇಬ್ಬನಿ ಬೀಳೋ ಹೊತ್ತು, ಅದು ನಂದು. ನನ್ ಎದೆ ಗಟ್ಟಿಯಾಗೈತೆ, ಮಂಡಿ ತಾನೇ ಹೋಗಿರೋದು."

"ಇಬ್ಬರಿಗೆ ಅಂತ ಅಷ್ಟಗಲ ಮಂಚ ಕಟ್ಟಿಸಿ..." ಅಂದೆ. ನನಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು.

"ಹೋಗಿ ನೋಡು" ಅಂದಳು.

ಗಾಡಿಯ ಬಾಗಿಲು ಸ್ವಲ್ಪ ಸರಿಸಿ ನೋಡಿದೆ. ಕಾಟಯ್ಯ ದಿಂಬಿಲ್ಲದ ನಡುವಿಗೆ ಕಂಬಳಿ ಮಡಚಿ ಹಾಸಿಕೊಂಡು, ಮಂಚದ ಅಗಲಕ್ಕೂ ಕೈಕಾಲು ಚೆಲ್ಲಿ, ಬಾಯಿ ತೆರೆದು ಮಲಗಿದ್ದ. ಕಿವಿಗೊಟ್ಟು ಕೇಳಿದೆ. ಎದೆಯಲ್ಲಿ ಪೀಪಿ ಇರಲಿಲ್ಲ.

ವಾಪಸು ಬಂದಾಗ ಜಯಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. "ನೋಡ್ದಾ? ಹೊತ್ತು ಹುಟ್ಟಿದ ಮ್ಯಾಲೆ ಆವಯ್ಯ ಮಲಗಿದ್ದು ಮದ್ವೆ ಆದಾಗಿಂದ ನಾನು ನೋಡಿರ್ಲಿಲ್ಲ ಕಣವ್ವ. ಬೆಳಕಿನಾಗೆ ಮಲಗಿದ್ರೆ ಎಷ್ಟು ಚೆಂದ ಕಾಣ್ತಾನೆ!"

ಬಲೆಯೊಳಗೆ ಒಂದು ಟಗರು ಗಂಟಲು ಬಿಟ್ಟು ಕೂಗಿತು. ಜಯಕ್ಕ ಕೋಲು ಎತ್ತಿ ತೋರಿಸಿ, "ಲೇ, ಮೆತ್ತಗೆ ಕೂಗೋ" ಅಂತ ಪಿಸುಗುಟ್ಟಿದಳು.